ಎಡದಂಡೆ ಕಾಲುವೆ ತೋಡಿ ಸರ್ವರ್ ಉಳಿಸಿಕೊಂಡೆ: ನನ್ನ ಅನುಭವ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮೈನ್‌ಕ್ರಾಫ್ಟ್ ಸರ್ವೈವಲ್ ಸರ್ವರ್‌ಗೆ ಬಂದ ಹೊಸ ಹುಡುಗರಲ್ಲಿ ಹೆಚ್ಚುಕಡಿಮೆ ಅರ್ಧ ಜನ ದಸರಾ ರಜೆಯಲ್ಲೂ ಆಡುತ್ತಿದ್ದರು. ಮೈನ್‌ಕ್ರಾಫ್ಟ್ ಅಂದರೆ ಗಣಿ ತೋಡಿ, ಬ್ಲಾಕ್ ಜೋಡಿಸಿ ಮನೆ ಕಟ್ಟುವ ಆಟ; ಸರ್ವೈವಲ್ ಸರ್ವರ್ ಅಂದರೆ ಎಲ್ಲರೂ ಒಂದೇ ಜಗತ್ತಿಗೆ ಬಂದು ಬದುಕುಳಿಯಲು ಆಡುವ ಜಾಗ. ಅಂಥ ಸರ್ವರ್ ನಡೆಸಿದವರಿಗೆ ಈ ಮಾತಿನ ತೂಕ ಗೊತ್ತು. ಮೊದಲೆಲ್ಲ ಹತ್ತು ಜನ ಬಂದರೆ ಮರುದಿನ ಮತ್ತೆ ಲಾಗಿನ್ ಆಗುತ್ತಿದ್ದವರು ಇಬ್ಬರೋ ಮೂವರೋ. ಉಳಿದವರು ಮೊದಲ ರಾತ್ರಿಯೇ ಯಾವನೋ ನೆದರೈಟ್ (ಆಟದ ಅತಿ ಗಟ್ಟಿ ಲೋಹ) ಕತ್ತಿಯವನ ಕೈಯಲ್ಲಿ ಸತ್ತು, ಹಾಸಿಗೆ ಒಡೆಸಿಕೊಂಡು, ಚೆಸ್ಟ್ ಅನ್ನುವ ಸಾಮಾನಿನ ಪೆಟ್ಟಿಗೆ ಖಾಲಿ ಮಾಡಿಸಿಕೊಂಡು, ಡಿಸ್ಕಾರ್ಡ್‌ನಲ್ಲಿ ನಾಲ್ಕು ಬೈದು ಹೋಗುತ್ತಿದ್ದರು.

ಹೊಸಬರನ್ನು ಹೊಡಿಬಡಿ ಆಟಗಾರರಿಂದ ಬೇರೆ ಮಾಡಬೇಕೋ ಬೇಡವೋ ಅಂತ ನಾವು ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ನಾಲ್ಕೈದು ಅಡ್ಮಿನ್‌ಗಳು ಎಷ್ಟು ರಾತ್ರಿ ವಾಯ್ಸ್ ಚಾಟ್‌ನಲ್ಲಿ ಕೂಗಾಡಿದ್ದೇವೋ ಲೆಕ್ಕವಿಲ್ಲ. ಬಳ್ಳಾರಿಯ ಗೆಳೆಯನದು ಒಂದೇ ವಾದ: "ಸರ್ವೈವಲ್ ಅಂದಮ್ಯಾಲೆ ಸಾಯಬೇಕಪಾ. ಹೆದರಿಕಿ ಇಲ್ಲಂದ್ರ ಅದು ಕ್ರಿಯೇಟಿವ್ ಮೋಡ್ ಆಗ್ತೈತಿ." (ಕ್ರಿಯೇಟಿವ್ ಮೋಡ್ ಅಂದರೆ ಸಾಯುವ ಹೆದರಿಕೆ ಇಲ್ಲದೆ ಬರೀ ಕಟ್ಟುವ ಆಟ.) ರಾಯಚೂರಿನವನು ಇನ್ನೂ ಮುಂದಕ್ಕೆ ಹೋಗಿ, "ನೀ ನೂಬ್‌ಗಳಿಗೆ ಗೋಡಿ ಕಟ್ಟಿದ್ರ ಹೊಡಿಯೋರು ಮೊದ್ಲು ಹೋಗ್ತಾರ, ಆಮ್ಯಾಲೆ ಬ್ಯಾಸರಾಗಿ ನೂಬ್‌ಗಳೂ ಹೋಗ್ತಾರ. ಮೂರು ತಿಂಗಳಿಗೆ ಸರ್ವರ್ ಬಂದ್ ಆಗ್ತದ ನೋಡು" ಅಂದಿದ್ದ. ಅವನ ಮಾತು ಅರ್ಧ ನಿಜ. ಉಳಿದರ್ಧ ಎಲ್ಲಿ ತಪ್ಪುತ್ತದೆ ಅಂತ ಕಂಡುಕೊಳ್ಳುವ ಹೊತ್ತಿಗೆ ನನ್ನ ಎರಡು ವರ್ಷಕ್ಕೂ ಮೇಲೆ ಸಮಯ, ಅರವತ್ತು ಸಾವಿರದ ಹತ್ತಿರ ದುಡ್ಡು ಹೋಗಿತ್ತು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೇರೆ ಮಾಡಲೇಬೇಕು. ಆದರೆ ಆಟಗಾರರ ಹಣೆಗೆ ಹೊಸಬ, ಹಳಬ ಅಂತ ಚೀಟಿ ಅಂಟಿಸಿ ಬೇರೆ ಮಾಡಿದರೆ ಸರ್ವರ್ ಸಾಯುತ್ತದೆ. ನೆಲ ಬೇರೆ ಮಾಡಬೇಕು. ಯಾವ ನೆಲದಲ್ಲಿ ಎಷ್ಟು ಅಪಾಯ ಅಂತ ಕಣ್ಣಿಗೆ ಕಾಣುವ ಹಾಗೆ ಗೆರೆ ಎಳೆಯಬೇಕು, ಒಳ್ಳೆ ಮಾಲು ಗೆರೆಯ ಆಚೆ ಇರಬೇಕು, ದಾಟುವ ತೀರ್ಮಾನ ಆಟಗಾರನದೇ ಆಗಿರಬೇಕು.

ಗಂಗಾವತಿಯಲ್ಲಿ ನನ್ನದು ಝೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಹಿಂದಿನ ಕೋಣೆಯಲ್ಲಿ ಆರು ಗೇಮಿಂಗ್ ಪಿಸಿ, ತಾಸಿಗೆ ಮೂವತ್ತು ರೂಪಾಯಿ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದ್ದಾಗ ಖಾಲಿ ಬಿದ್ದಿದ್ದ ಒಂದು ನಾಲ್ಕನೇ ಜನರೇಶನ್ ಐ5 ಮೇಲೆ ಸರ್ವರ್ ಎಬ್ಬಿಸಿದೆ. ನಮ್ಮ ಕಡೆಯ ಫೈಬರ್ ಕನೆಕ್ಷನ್‌ನಲ್ಲಿ ಸ್ವಂತ ಪಬ್ಲಿಕ್ ಐಪಿ (ಹೊರಗಿನವರು ನೇರ ಬಂದು ಸೇರಬಹುದಾದ ಇಂಟರ್ನೆಟ್ ವಿಳಾಸ) ಸಿಗುವುದಿಲ್ಲ, ಪೋರ್ಟ್ ಫಾರ್ವರ್ಡ್ ಆಗುವುದಿಲ್ಲ. ಟನೆಲ್ ಎಂಬ ಸುತ್ತುದಾರಿ ಹಾಕಿದರೆ ಪಿಂಗ್ (ಸಂದೇಶ ಹೋಗಿಬರುವ ಹೊತ್ತು) ನೂರೈವತ್ತು ಮಿಲಿಸೆಕೆಂಡ್ ದಾಟುತ್ತಿತ್ತು. ಮೇ ತಿಂಗಳಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ಕರೆಂಟ್ ಹೋಗುತ್ತಿತ್ತು, ಒಂದು ಸಲ ಹೋದರೆ ವರ್ಲ್ಡ್ ಫೈಲ್ ಕೆಟ್ಟು ಯಾರದೋ ಮನೆಯ ಅರ್ಧ ಚಂಕ್ (ನಕ್ಷೆಯ ತುಂಡು) ಮಾಯ. ಯುಪಿಎಸ್ ಬ್ಯಾಟರಿಗೇ ಒಂಬತ್ತು-ಹತ್ತು ಸಾವಿರ ಸುರಿದೆ. ಕೊನೆಗೆ ಮುಂಬೈನಲ್ಲಿ ಯಂತ್ರ ಇಟ್ಟು ಸರ್ವರ್ ಬಾಡಿಗೆಗೆ ಕೊಡುವ ಒಂದು ಹೋಸ್ಟಿಂಗ್‌ಗೆ ಹೋದೆ. ಮೊದಲು 4 ಜಿಬಿ ಮೆಮೊರಿ, ಇಪ್ಪತ್ತು ಜನ ಬಂದರೆ ಟಿಪಿಎಸ್ (ಆಟ ಓಡುವ ವೇಗ) 20ರಿಂದ 12ಕ್ಕೆ ಇಳಿಯುತ್ತಿತ್ತು. ಆಮೇಲೆ 8 ಜಿಬಿ, ತಿಂಗಳಿಗೆ ಒಂಬೈನೂರರ ಆಸುಪಾಸು. ಸರ್ವರ್ ಓಡಿಸಲು ಪೇಪರ್, ಅದಕ್ಕೆ ಸೇರಿಸುವ ಪ್ಲಗಿನ್‌ಗಳಾಗಿ ಮನೆ ಕಾಯಲು ಗ್ರೀಫ್ ಪ್ರಿವೆನ್ಶನ್, ವಲಯದ ನಿಯಮಕ್ಕೆ ವರ್ಲ್ಡ್‌ಗಾರ್ಡ್, ಯಾರು ಏನು ಒಡೆದರು ಅಂತ ದಾಖಲಿಸಲು ಕೋರ್‌ಪ್ರೊಟೆಕ್ಟ್, ಫೋನಿನವರು ಸೇರಲು ಗೀಸರ್. ಸರ್ವರ್ ನಡೆಸುವವರಿಗೆ ಇದೆಲ್ಲ ಗೊತ್ತಿರುವುದೇ. ಈಗ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ, ಕುಷ್ಟಗಿ ಸೇರಿ ರಾತ್ರಿ ಒಂಬತ್ತರ ಹೊತ್ತಿಗೆ ಮೂವತ್ತರಿಂದ ನಲವತ್ತು ಜನ ಇರುತ್ತಾರೆ. ಸಣ್ಣ ಸರ್ವರ್. ಆ ಸಣ್ಣತನದಲ್ಲೇ ಇಡೀ ತಕರಾರು ಇರುವುದು.

ಬಿಜಿಎಂಐ ಎಂಬ ಫೋನಿನ ಗುಂಡಿನ ಕಾಳಗದ ಆಟದಿಂದ ಬಂದ ಹುಡುಗರು ಕೇಳುತ್ತಾರೆ, "ಅಣ್ಣಾ, ಅಲ್ಲಿ ಟಿಯರ್ ಪ್ರಕಾರ ಜೋಡಿ ಹಾಕ್ತಾರಲ್ಲ, ಇಲ್ಲೂ ಹಂಗ ಮಾಡ್ರಿ." ಅಲ್ಲಿ ಒಂದೇ ಹೊತ್ತಿಗೆ ಲಕ್ಷಗಟ್ಟಲೆ ಜನ ಇರುತ್ತಾರೆ, ಸಮಬಲದವರನ್ನು ಆರಿಸಿ ಕೂರಿಸಬಹುದು. ಜನ ಕಡಿಮೆಯಾದರೆ ಬಾಟ್ (ಕಂಪ್ಯೂಟರ್ ಆಡಿಸುವ ಆಟಗಾರರು) ತುಂಬುತ್ತಾರೆ. ಪಂದ್ಯ ಅರ್ಧ ತಾಸಿಗೆ ಮುಗಿಯುತ್ತದೆ, ಸೋತರೆ ಮುಂದಿನ ಪಂದ್ಯದಲ್ಲಿ ಎಲ್ಲರೂ ಬರಿಗೈ. ನಮ್ಮಲ್ಲಿ ಸೋತವನು ಮೂರು ವಾರದ ದುಡಿಮೆ ಕಳೆದುಕೊಳ್ಳುತ್ತಾನೆ, ಹೊಡೆದವನು ಅದನ್ನೇ ಹೊತ್ತುಕೊಂಡು ಇನ್ನೂ ಬಲಿಯುತ್ತಾನೆ. 2022ರ ಜುಲೈ ಕೊನೆಯಲ್ಲಿ ಬಿಜಿಎಂಐ ಬಂದ್ ಆದಾಗ ನಮ್ಮ ಸರ್ವರ್‌ಗೆ ಹುಡುಗರು ನುಗ್ಗಿಬಂದರು. ಆ ಆಗಸ್ಟ್‌ನಲ್ಲಿ ಬಂದಷ್ಟು ಹೊಸಬರು ಮತ್ತೆಂದೂ ಬಂದಿಲ್ಲ. ದೀಪಾವಳಿ ಹೊತ್ತಿಗೆ ಅವರಲ್ಲಿ ಏಳೆಂಟು ಜನವೂ ಉಳಿಯಲಿಲ್ಲ. ನನಗೆ ಹಟ ಹತ್ತಿದ್ದು ಅಲ್ಲಿಂದ.

ಮೊದಲ ಮದ್ದು ಎಲ್ಲರೂ ಮಾಡುವಂಥದ್ದೇ: ಪಿವಿಪಿ (ಆಟಗಾರರು ಒಬ್ಬರನ್ನೊಬ್ಬರು ಹೊಡೆಯುವುದು) ಆಫ್. ಒಂದು ಸಾಲು ಬದಲಿಸಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಕೊಲೆ ನಿಲ್ಲುವುದಿಲ್ಲ. ಕತ್ತಿ ತಾಗದಿದ್ದರೆ ಲಾವಾ ಬಕೆಟ್ ತಾಗುತ್ತದೆ. ಮನೆ ಬಾಗಿಲ ಮುಂದೆ ಗುಂಡಿ ತೋಡಿ ಮೇಲೆ ಜಲ್ಲಿ ಮುಚ್ಚುತ್ತಾರೆ. ಕ್ರೀಪರ್ ಎಂಬ ಸಿಡಿಯುವ ಜೀವಿಯನ್ನು ಕೆಣಕಿ ಓಡಿಸಿಕೊಂಡು ಬಂದು ನಿಮ್ಮ ಅಂಗಳದಲ್ಲಿ ಸಿಡಿಸುತ್ತಾರೆ. ನೆದರ್ ಎಂಬ ಬೆಂಕಿಯ ಲೋಕದಲ್ಲಿ ನಿಮ್ಮ ಪಕ್ಕ ಹಾಸಿಗೆ ಇಟ್ಟು ಮಲಗಲು ಹೋಗುತ್ತಾರೆ, ಅದು ಬಾಂಬ್ ಹಾಗೆ ಸಿಡಿಯುತ್ತದೆ. ಕಾರಟಗಿಯ ಒಬ್ಬ ಹುಡುಗ ಪಿವಿಪಿ ಆಫ್ ಇದ್ದ ಕಾಲದಲ್ಲೇ ಹೆಚ್ಚು ಜನರನ್ನು ಕೊಂದ, ಯಾಕೆಂದರೆ ಸಿಕ್ಕಿಬಿದ್ದವರು ತಿರುಗಿ ಹೊಡೆಯುವ ಹಾಗೂ ಇರಲಿಲ್ಲ. ಇನ್ನೊಂದು ಕಡೆ, ಚೆನ್ನಾಗಿ ಕಟ್ಟುತ್ತಿದ್ದ ಹಳೆ ಹುಡುಗರಿಗೇ ಬೇಸರ ಬಂತು. ಕೋಟೆ ಕಟ್ಟುವವನಿಗೆ ಕೋಟೆ ಮುರಿಯಲು ಬರುವವನು ಬೇಕು. ಎರಡೇ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೆ ಎಂಟು ಜನ.

ಎರಡನೆಯದು ಎರಡು ಸರ್ವರ್. ಒಂದು ಶಾಂತ, ಒಂದು ಕಾಳಗ. ಹೋಸ್ಟಿಂಗ್ ಖರ್ಚು ಎರಡು ಪಟ್ಟು, ಜನ ಎರಡು ಪಾಲು. ಮೂವತ್ತು ಜನರನ್ನು ಹದಿನೈದು-ಹದಿನೈದು ಮಾಡಿದರೆ ಎರಡೂ ಕಡೆ ಬಿಕೋ. ಕಾಳಗದ ಸರ್ವರ್‌ನಲ್ಲಿ ಬೇಟೆಗೆ ಯಾರೂ ಸಿಗದೆ ಹೊಡೆಯುವವರೇ ಹೊಡೆದಾಡಿಕೊಂಡು, ಸೋತ ಗ್ಯಾಂಗ್ ಆಟ ಬಿಟ್ಟಿತು. ಶಾಂತ ಸರ್ವರ್‌ನಲ್ಲಿ ಎಲ್ಲರ ಬಳಿಯೂ ಎಲ್ಲ ಇತ್ತು, ಹಾಗಾಗಿ ಯಾರಿಗೂ ಯಾರ ಹತ್ತಿರವೂ ಕೊಳ್ಳುವಂಥದ್ದು ಇರಲಿಲ್ಲ, ಅಂಗಡಿಗಳು ಮುಚ್ಚಿದವು. ಸುಮಾರು ನಾಲ್ಕು ತಿಂಗಳು ಎಳೆದೆ. ಎಂಟು ಸಾವಿರದಷ್ಟು ಹೋಗಿರಬೇಕು. ಇದೇ ಪ್ರಶ್ನೆಯನ್ನು ಅಲ್ಟಿಮಾ ಆನ್‌ಲೈನ್‌ನವರು ಎಷ್ಟೋ ಹಿಂದೆಯೇ ಎದುರಿಸಿದ್ದರು. 1997ರಲ್ಲಿ ಶುರುವಾದ ಆಟ, ಹೊಸಬರು ಊರ ಹೊರಗೆ ಕಾಲಿಟ್ಟರೆ ಹೆಣ. 2000ದಲ್ಲಿ ಅವರು ಇಡೀ ಜಗತ್ತಿನ ಇನ್ನೊಂದು ಪ್ರತಿ ಮಾಡಿ, ಟ್ರಾಮೆಲ್ ಕಡೆ ಒಪ್ಪಿಗೆಯಿಲ್ಲದೆ ಕೊಲ್ಲುವ ಹಾಗಿಲ್ಲ, ಫೆಲುಕ್ಕಾ ಕಡೆ ಹಳೆಯ ನಿಯಮ ಅಂತ ಎರಡು ಭಾಗ ಮಾಡಿದರು. ಜನ ಟ್ರಾಮೆಲ್‌ಗೆ ಹರಿದರು. ಅವರಲ್ಲಿ ಜನಸಂಖ್ಯೆ ಇತ್ತು, ಎರಡು ಜಗತ್ತು ತುಂಬಿದವು. ಮೂವತ್ತು ಜನರ ಸರ್ವರ್‌ನಲ್ಲಿ ಅದನ್ನು ಮಾಡಿದರೆ ಎರಡು ಖಾಲಿ ಸಂತೆ ಸಿಗುತ್ತವೆ, ಅಷ್ಟೇ.

ಮೂರನೆಯದು ಗಡಿಯಾರ. ಹೊಸ ಖಾತೆಗೆ ಒಂದು ವಾರ ಯಾರೂ ಮುಟ್ಟುವ ಹಾಗಿಲ್ಲ. ಇದನ್ನು ಮಾಡಲು ಬಳ್ಳಾರಿಯವನೇ ಹೇಳಿದ್ದು. ಕಾಗದದ ಮೇಲೆ ಸರಿ ಕಾಣುತ್ತದೆ. ಒಂದೇ ವಾರದಲ್ಲಿ ಹಳಬರೆಲ್ಲ ಹೊಸ ಖಾತೆ ಮಾಡಿಕೊಂಡು ಬಂದರು. ಮುಟ್ಟಲಾಗದ ಆಲ್ಟ್ (ಎರಡನೇ) ಖಾತೆಯಲ್ಲಿ ಶತ್ರುವಿನ ಕೋಟೆಯೊಳಗೆ ಆರಾಮಾಗಿ ತಿರುಗಿ ಚೆಸ್ಟ್ ಎಲ್ಲಿದೆ ಅಂತ ನೋಡುವುದು, ಲೂಟಿ ಮಾಲನ್ನು ಆಲ್ಟ್ ಕೈಗೆ ಕೊಟ್ಟು ಸಾಗಿಸುವುದು, ಕಾಳಗದ ಮಧ್ಯೆ ಅಡ್ಡ ನಿಲ್ಲಿಸುವುದು. ನಿಜವಾದ ಹೊಸಬರ ಪಾಡು ಇನ್ನೂ ಕೆಟ್ಟದ್ದು. ಏಳು ದಿನ ಹುಲ್ಲಿನ ಮೇಲೆ ನಡೆದಾಡಿ ಎಂಟನೇ ದಿನ ಸಂಜೆ ಏನೂ ಕಲಿಯದೆ ಬಯಲಿಗೆ ಬಿದ್ದರು, ಅವರ ಗಡುವು ಮುಗಿಯುವ ಹೊತ್ತನ್ನು ಬರೆದಿಟ್ಟುಕೊಂಡು ಬಾಗಿಲಲ್ಲಿ ಕಾಯುವವರಿದ್ದರು. ನಮ್ಮ ಭತ್ತದ ಸೀಮೆಯವರಿಗೆ ಹೇಳಬೇಕಿಲ್ಲ, ಸಸಿಮಡಿಯಲ್ಲಿ ದಿನ ಮೀರಿದ ಸಸಿ ನಾಟಿ ಮಾಡಿದರೂ ತೆಂಡೆ ಒಡೆಯುವುದಿಲ್ಲ. ಕಾಪಾಡಿದ ಹೊಸಬನೂ ಹಾಗೇ ಆಗುತ್ತಿದ್ದ.

ಆಲ್ಟ್ ಹಿಡಿಯುವ ದಾರಿ ಆಮೇಲೆ ಕಂಡುಕೊಂಡೆ. ಐಪಿ ನೋಡುವುದಲ್ಲ ಅದು. ಒಂದೇ ಮನೆಯ ಅಣ್ಣ-ತಮ್ಮ, ಒಂದೇ ಹಾಸ್ಟೆಲ್‌ನ ಹತ್ತು ಹುಡುಗರು ಒಂದೇ ಐಪಿಯಲ್ಲಿ ಬರುತ್ತಾರೆ, ಅದನ್ನು ನಂಬಿ ಬ್ಯಾನ್ ಮಾಡಿದರೆ ಅಮಾಯಕರು ಹೋಗುತ್ತಾರೆ. ಹೊಸಬನ ಹಾಗೆ ನಟಿಸುವ ಹಳಬ ಮೊದಲ ಹತ್ತು ನಿಮಿಷದಲ್ಲಿ ಒಂದು ಕೆಲಸ ಮಾಡಿಯೇ ಮಾಡುತ್ತಾನೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ, ಬರೆದ ಮರುದಿನ ಅದು ಕೆಲಸಕ್ಕೆ ಬಾರದು.

ದಾರಿ ಸಿಕ್ಕಿದ್ದು ಈವ್ ಆನ್‌ಲೈನ್‌ನಿಂದ. 2003ರ ಆಟ, ನಾನು ಆಡಿದ್ದು ಸ್ವಲ್ಪವೇ. ಅಲ್ಲಿ ನಕ್ಷತ್ರ ಮಂಡಲಗಳಿಗೆ 1.0ರಿಂದ ಕೆಳಮುಖವಾಗಿ ಭದ್ರತೆಯ ಅಂಕೆ ಇರುತ್ತದೆ. ಮೇಲಿನ ಅಂಕೆಯ ಜಾಗದಲ್ಲಿ ಯಾರನ್ನಾದರೂ ಹೊಡೆದರೆ ಕಾಂಕಾರ್ಡ್ ಎಂಬ ಪೊಲೀಸ್ ಪಡೆ ಬಂದು ಹೊಡೆದವನ ಹಡಗನ್ನೇ ಉಡಾಯಿಸುತ್ತದೆ. ಅಂಕೆ ಇಳಿದಂತೆ ಕಾಯುವವರು ಕಡಿಮೆ, ಸಿಗುವ ಅದಿರು ಜಾಸ್ತಿ ಬೆಲೆಯದು. ರಸ್ಟ್ ಆಟದಲ್ಲೂ ಔಟ್‌ಪೋಸ್ಟ್ ಎಂಬ ಕಾಯ್ದ ತಾಣದ ಹತ್ತಿರ ಬಂದೂಕು ಎತ್ತಿದರೆ ಅಲ್ಲಿನ ಕಾವಲಿನವರು ಗುಂಡು ಹಾರಿಸುತ್ತಾರೆ. ಸೀ ಆಫ್ ಥೀವ್ಸ್ ಎಂಬ ಕಡಲ್ಗಳ್ಳರ ಆಟದವರು 2023ರ ಡಿಸೆಂಬರ್‌ನಲ್ಲಿ ಬೇರೆ ಆಟಗಾರರ ಕಾಟವಿಲ್ಲದ ಸಮುದ್ರ ಕೊಟ್ಟರು, ಆದರೆ ಅಲ್ಲಿ ಆಡಿದರೆ ಸಿಗುವ ಚಿನ್ನ ಕಡಿಮೆ. ಇವರೆಲ್ಲರ ಲೆಕ್ಕ ಒಂದೇ ದಿಕ್ಕಿಗಿದೆ: ಸುರಕ್ಷೆಗೆ ಬೆಲೆ ಕಟ್ಟಬೇಕು.

ಹಾಗಾಗಿ ಹೊಸ ನಕ್ಷೆಯನ್ನು ಮೂರು ಸುತ್ತು ಮಾಡಿದೆ. ನಡುವೆ ಊರು, ಹೊಸಬರು ಮೊದಲು ಇಳಿಯುವ ಸ್ಪಾನ್‌ನಿಂದ ನಾಲ್ಕೂ ಕಡೆ 400 ಬ್ಲಾಕ್. ಅದರ ಸುತ್ತ ಹೊಲ, 1200ರ ತನಕ. ಅದರಾಚೆ ಅಡವಿ, 6000ದ ಗಡಿಯ ತನಕ. ಹೊಲ ಮುಗಿದು ಅಡವಿ ಶುರುವಾಗುವಲ್ಲಿ ನೀರಿನ ಕಾಲುವೆ, ಹನ್ನೆರಡು ಬ್ಲಾಕ್ ಅಗಲ. ಮೊದಲ ದಿನವೇ ಹುಡುಗರು ಅದಕ್ಕೆ ಎಡದಂಡೆ ಅಂತ ಹೆಸರಿಟ್ಟರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದವರು ಇನ್ನೇನು ಹೆಸರಿಡುತ್ತಾರೆ. "ಎಡದಂಡಿ ದಾಟಬ್ಯಾಡಲೇ, ರಾತ್ರಿ ಆಗೈತಿ" ಅಂತ ಒಬ್ಬ ಇನ್ನೊಬ್ಬನಿಗೆ ಹೇಳುವುದನ್ನು ವಾಯ್ಸ್‌ನಲ್ಲಿ ಕೇಳಿದಾಗಲೇ ನನಗೆ ಇದು ಹಿಡಿಯುತ್ತದೆ ಅನ್ನಿಸಿತ್ತು. ಯಾವ ರೂಲ್ಸ್ ಪುಟವನ್ನೂ ಓದದ ಹುಡುಗ ನೀರು ನೋಡಿ ನಿಲ್ಲುತ್ತಾನೆ.

1200 ಅನ್ನುವ ಅಂಕೆ ಸುಮ್ಮನೆ ಆರಿಸಿದ್ದಲ್ಲ. ಎಂಡ್ ಎಂಬ ಕೊನೆಯ ಲೋಕಕ್ಕೆ ದಾರಿ ಇರುವ ಸ್ಟ್ರಾಂಗ್‌ಹೋಲ್ಡ್ ಕೋಟೆಗಳಲ್ಲಿ ಮೊದಲ ಸುತ್ತಿನ ಮೂರು, ನಡುವಿನಿಂದ 1280 ಬ್ಲಾಕ್ ದಾಟಿದ ಮೇಲೆ ಬರುತ್ತವೆ. ಕಾಲುವೆ ಅದಕ್ಕಿಂತ ಒಳಗಿದ್ದರೆ ಎಂಡ್‌ನಲ್ಲಿ ಸಿಗುವ ಎಲಿಟ್ರಾ (ಹಾರುವ ರೆಕ್ಕೆ) ಬೇಕಾದವನು ನೀರು ದಾಟಲೇಬೇಕು. ನಮ್ಮದು ಚೌಕವಾದ್ದರಿಂದ ಮೂಲೆಗಳು ಸುಮಾರು 1700ರ ತನಕ ಚಾಚುತ್ತವೆ, ಮೂಲೆಯಲ್ಲಿ ಸ್ಟ್ರಾಂಗ್‌ಹೋಲ್ಡ್ ಬೀಳದ ಸೀಡ್ (ನಕ್ಷೆಯನ್ನು ಹುಟ್ಟಿಸುವ ಅಂಕೆ) ಹುಡುಕಬೇಕು. ಹತ್ತಾರು ಸೀಡ್ ನೋಡಿದ ಮೇಲೆ ಒಂದು ಸಿಕ್ಕಿತು. ಆ ಸೀಡ್ ಕೇಳಬೇಡಿ, ಕೊಟ್ಟರೆ ಮುಂದಿನ ರೀಸೆಟ್‌ಗೆ (ಜಗತ್ತನ್ನು ಅಳಿಸಿ ಮತ್ತೆ ಶುರು ಮಾಡುವಾಗ) ನಮ್ಮ ಗ್ಯಾಂಗ್‌ಗಳು ನಕ್ಷೆ ಕೈಯಲ್ಲಿ ಹಿಡಿದೇ ಬರುತ್ತವೆ. ಕಾಲುವೆ ನಾಲ್ಕು ಬದಿ ಸೇರಿ ಒಂಬತ್ತೂವರೆ ಸಾವಿರ ಬ್ಲಾಕ್ ಉದ್ದ. ನೆಲ ತಿದ್ದುವ ವರ್ಲ್ಡ್‌ಎಡಿಟ್ ಪ್ಲಗಿನ್‌ನಲ್ಲಿ ಒಂದೇ ಸಲಕ್ಕೆ ತೋಡಲು ಹೋದರೆ ಸರ್ವರ್ ಮಲಗುತ್ತದೆ. ಐನೂರೈನೂರು ಬ್ಲಾಕ್ ಮಾಡಿ, ಬೆಳಗಿನ ಜಾವ ಯಾರೂ ಇಲ್ಲದಾಗ ತೋಡಿದೆ. ಗುಡ್ಡ ಅಡ್ಡ ಬಂದ ಕಡೆ ಸುರಂಗ ಕೊರೆಯದೆ ಸೀಳಿಬಿಟ್ಟೆ, ನೀರು ಮೇಲಿನಿಂದ ಕಾಣಬೇಕು. ಚಂಕಿ ಎಂಬ ಪ್ಲಗಿನ್‌ನಲ್ಲಿ ಇಡೀ ನಕ್ಷೆ ಮೊದಲೇ ತೆಗೆಸಿಟ್ಟರೆ ನಾಲ್ಕೈದು ಜಿಬಿ ಆಗುತ್ತದೆ, ಅದನ್ನು ಮಾಡದೆ ಕಾಲುವೆಗೆ ಕೈ ಹಾಕಬೇಡಿ.

ಊರಿನಲ್ಲಿ ಯಾರೂ ಯಾರನ್ನೂ ಹೊಡೆಯುವ ಹಾಗಿಲ್ಲ. ತನ್ನ ಕ್ಲೇಮ್ (ತನ್ನದೆಂದು ಗುರುತಿಸಿಕೊಂಡ ಕಾಯ್ದ ಜಾಗ) ಬಿಟ್ಟು ಬೇರೆಲ್ಲೂ ಲಾವಾ ಸುರಿಯುವ ಹಾಗಿಲ್ಲ. ಗ್ರೀಫ್ ಪ್ರಿವೆನ್ಶನ್ ಮೊದಲ ಚೆಸ್ಟ್ ಇಟ್ಟಾಗ ತಾನೇ ಹಾಕಿಕೊಡುವ 9×9 ಕ್ಲೇಮ್ ಇದೆಯಲ್ಲ, ಊರಿನಲ್ಲಿ ಅಷ್ಟೇ, ಬೆಳೆಸಲು ಬಿಡುವುದಿಲ್ಲ. ಒಂದು ಕೋಣೆ, ಹಾಸಿಗೆ, ಒಲೆ, ನಾಲ್ಕು ಚೆಸ್ಟ್ ಹಿಡಿಯುತ್ತದೆ. ಡೈಮಂಡ್ ಅದಿರು ಊರಲ್ಲಿ ಒಡೆದರೆ ಕಲ್ಲಿದ್ದಲು ಉದುರುತ್ತದೆ. ಇದನ್ನು ನೋಡಿ ಹೊಸಬರು ತಾವಾಗಿಯೇ ಹೊಲಕ್ಕೆ ಹೊರಡುತ್ತಾರೆ. ಯಾವನನ್ನೂ ಗಡುವು ಹಾಕಿ ಹೊರಗೆ ದಬ್ಬಿಲ್ಲ. ಒಬ್ಬ ಕೊಪ್ಪಳದ ಹುಡುಗ ಒಂದೂವರೆ ತಿಂಗಳು ಊರಲ್ಲೇ ಮೀನು ಹಿಡಿದುಕೊಂಡು ಕುಳಿತಿದ್ದ, ಅದೂ ಸರಿಯೇ.

ಹೊಲ ನನ್ನ ಸ್ವಂತ ಯೋಚನೆ, ಬೇರೆ ಯಾವ ಸರ್ವರ್‌ನಲ್ಲೂ ನಾನು ಕಂಡಿಲ್ಲ. ಹೊಲದಲ್ಲಿ ಹಗಲು ಹೊಡೆಯುವ ಹಾಗಿಲ್ಲ, ರಾತ್ರಿ ಹೊಡೆಯಬಹುದು. ಮನೆ, ಚೆಸ್ಟ್ ಎರಡೂ ಕ್ಲೇಮ್ ಒಳಗೆ ಭದ್ರ, ಆದರೆ ರಾತ್ರಿ ಹೊರಗೆ ಸಿಕ್ಕವನು ಸಿಕ್ಕ ಹಾಗೆ. ಮೈನ್‌ಕ್ರಾಫ್ಟ್‌ನ ಒಂದು ದಿನ ಇಪ್ಪತ್ತು ನಿಮಿಷ, ಅದರಲ್ಲಿ ಕತ್ತಲೆ ಏಳೆಂಟು ನಿಮಿಷ. ಹೊಸಬ ಹಗಲು ಗೋಧಿ ಕೊಯ್ದು, ಗಣಿ ತೋಡಿ, ಸಂಜೆ ಕೆಂಪಾದ ಕೂಡಲೆ ಮನೆಗೆ ಓಡುವುದನ್ನು ಕಲಿಯುತ್ತಾನೆ. ಹೆದರಿಕೆಯೂ ಇದೆ, ಅದರಿಂದ ತಪ್ಪಿಸಿಕೊಳ್ಳುವ ದಾರಿಯೂ ಅವನ ಕೈಯಲ್ಲೇ ಇದೆ. ಸ್ಕ್ರಿಪ್ಟ್ ಪ್ಲಗಿನ್‌ನಲ್ಲಿ ಎಂಟ್ಹತ್ತು ಸಾಲು ಸಾಕು. ಒಂದು ಮಾತು: ಎಲ್ಲರೂ ಮಲಗಿ ರಾತ್ರಿಯನ್ನೇ ಹಾರಿಸಿಬಿಟ್ಟರೆ ಇಡೀ ವ್ಯವಸ್ಥೆ ಕೆಡುತ್ತದೆ. ಮಲಗುವವರ ಶೇಕಡಾವಾರು ಗೇಮ್‌ರೂಲ್ ಅನ್ನು ನೂರಕ್ಕಿಂತ ಮೇಲೆ ಇಟ್ಟರೆ ಎಷ್ಟು ಜನ ಮಲಗಿದರೂ ಬೆಳಗಾಗುವುದಿಲ್ಲ.

ಅಡವಿಯಲ್ಲಿ ಕ್ಲೇಮ್ ಇಲ್ಲ, ಟಿಎನ್‌ಟಿ ಸಿಡಿಮದ್ದು ಇದೆ, ಎಲ್ಲವೂ ನಡೆಯುತ್ತದೆ. ಹೊಡೆಯುವವರಿಗೆ ಇಷ್ಟು ದೊಡ್ಡ ಜಾಗವನ್ನು ಯಾವ ಅಡ್ಡಿಯೂ ಇಲ್ಲದೆ ಕೊಟ್ಟಿದ್ದೇನೆ. ಅವರು ಕೆಟ್ಟವರಲ್ಲ. ಸರ್ವರ್‌ನ ಅರ್ಧ ಜೀವ ಅವರಲ್ಲೇ ಇದೆ.

ಮೊದಲ ವಾರದಲ್ಲೇ ತೂತು ಕಂಡಿತು, ನೆದರ್‌ನಲ್ಲಿ. ನೆದರ್‌ನ ಒಂದು ಬ್ಲಾಕ್ ಮೇಲಿನ ಎಂಟು ಬ್ಲಾಕ್‌ಗೆ ಸಮ ಅಂತ ಎಲ್ಲರಿಗೂ ಗೊತ್ತು. ಅಂದರೆ ನಮ್ಮ 400ರ ಊರು ನೆದರ್‌ನಲ್ಲಿ ಬರೀ 50 ಬ್ಲಾಕ್. ಊರಿನ ಹೊಸಬರೆಲ್ಲರ ಪೋರ್ಟಲ್ (ನೆದರ್‌ಗೆ ಹೋಗುವ ಬಾಗಿಲು) ಆ ಪುಟ್ಟ ಜಾಗದಲ್ಲೇ ತೆರೆಯುತ್ತವೆ. ಇಬ್ಬರು ಬಿಲ್ಲು ಹಿಡಿದು ಕೂತರೆ ಸಾಕು, ಬಂದವರು ಬಂದ ಹಾಗೆ ಉರುಳುತ್ತಿದ್ದರು. ಊರಿನಲ್ಲಿ ಸ್ವಂತ ಪೋರ್ಟಲ್ ಬಂದ್ ಮಾಡಿದೆ, ಒಂದೇ ಸಾರ್ವಜನಿಕ ಪೋರ್ಟಲ್ ಇಟ್ಟೆ, ನೆದರ್ ಕಡೆ ಅದರ ಸುತ್ತ ಕಾಯ್ದ ವಲಯ. ಆಗ ಆ ವಲಯದ ಅಂಚಿನಲ್ಲಿ ಕೂತರು. ಕೊನೆಗೆ ಅಲ್ಲಿಂದ ಬೇರೆ ಬೇರೆ ದಿಕ್ಕಿಗೆ ನಾಲ್ಕು ಸುರಂಗ ಹೊಡೆದೆ, ಒಂದೊಂದೂ ಇನ್ನೂರು ಬ್ಲಾಕ್. ನಾಲ್ಕು ಬಾಯಿಗೂ ಕಾವಲು ಕೂರುವಷ್ಟು ಜನ ಯಾವ ಗ್ಯಾಂಗ್‌ನಲ್ಲೂ ಇಲ್ಲ. ಐದನೇ ದಾರಿಯೂ ಒಂದಿದೆ, ಅದನ್ನು ಹೊಸಬರು ಹುಡುಕಿಕೊಳ್ಳಲಿ.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಕಬ್ಬಿಣದ ಅಂಗಿ ತೊಟ್ಟು ಮೊದಲ ಸಲ ಎಡದಂಡೆ ದಾಟಿದವನನ್ನು ಪೂರ್ತಿ ನೆದರೈಟ್‌ನವನು ಕೊಂದರೆ, ಅವನು ಅವತ್ತೇ ಆಟ ಬಿಡುತ್ತಾನೆ. ಅದಕ್ಕೆ ಅಂತರದ ಲೆಕ್ಕ ತಂದೆ. ಕೊಂದವನ ಮೈಮೇಲಿನ ಸಾಮಾನಿಗೂ ಸತ್ತವನ ಸಾಮಾನಿಗೂ ಅಂತರ ಎಷ್ಟು ಜಾಸ್ತಿಯೋ, ಸತ್ತವನ ಚೀಲದಲ್ಲಿ ಅಷ್ಟು ಜಾಸ್ತಿ ಉಳಿಯುತ್ತದೆ. ಸಮಬಲದವರು ಹೊಡೆದಾಡಿದರೆ ಗೆದ್ದವನಿಗೆ ಎಲ್ಲವೂ. ಬಡವನನ್ನು ಕೊಂದರೆ ಕೊಂದವನಿಗೆ ನಾಲ್ಕು ರೊಟ್ಟಿಯೂ ಸಿಗುವುದಿಲ್ಲ. ಬೇಟೆ ತಾನಾಗಿ ದೊಡ್ಡವರ ಕಡೆ ತಿರುಗಿತು. ಯಾವ ಸಾಮಾನಿಗೆ ಎಷ್ಟು ತೂಕ ಅನ್ನುವ ಪಟ್ಟಿ ನನ್ನ ಹತ್ತಿರವೇ ಇರಲಿ. ಅದು ಗೊತ್ತಾದರೆ ನೆದರೈಟ್ ಬಿಚ್ಚಿ ಚೀಲದಲ್ಲಿಟ್ಟು ಬರಿಮೈಯಲ್ಲಿ ಕೊಲ್ಲಲು ಬರುತ್ತಾರೆ. ಒಬ್ಬ ಬಂದೂ ನೋಡಿದ. ಚೀಲವನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ ಅಂತ ಅವನಿಗೆ ಗೊತ್ತಿರಲಿಲ್ಲ.

ಇಲ್ಲಿಂದ ಮುಂದೆ ನಾನು ಮಾಡದೇ ಆದದ್ದು ಒಂದಿದೆ. ಭಾನುವಾರ ಸಂಜೆ ಎಡದಂಡೆಯ ಆಚೆ ದಡದಲ್ಲಿ ಎರಡು ತಾಸು ಸಂತೆ ಇಟ್ಟೆ. ಅಷ್ಟು ಹೊತ್ತು ಅಷ್ಟು ಜಾಗದಲ್ಲಿ ಹೊಡೆತವಿಲ್ಲ. ಹೊಲದವರು ರೊಟ್ಟಿ, ಗಾಜು, ಆಟದ ಹಳ್ಳಿಗರ ಜೊತೆ ವ್ಯಾಪಾರ ಮಾಡಿದ ಎನ್‌ಚ್ಯಾಂಟ್ (ಮಂತ್ರದ) ಪುಸ್ತಕ ತರುತ್ತಾರೆ, ಅಡವಿಯವರು ಏನ್ಶಿಯಂಟ್ ಡೆಬ್ರಿ (ನೆದರೈಟ್‌ನ ಅದಿರು), ಸಾಮಾನು ತುಂಬಿ ಹೊತ್ತೊಯ್ಯುವ ಶಲ್ಕರ್ ಪೆಟ್ಟಿಗೆ ತರುತ್ತಾರೆ. ಸಂತೆ ಮುಗಿದು ಮನೆಗೆ ಹೋಗುವ ದಾರಿಯಲ್ಲಿ ಲೂಟಿ ಶುರುವಾಯಿತು. ನಾನು ಕೈ ಹಾಕಬೇಕೆಂದಿದ್ದೆ, ಅಷ್ಟರಲ್ಲಿ ಸಿಂಧನೂರಿನ ಗ್ಯಾಂಗ್ ಹೊಸಬರ ಜೊತೆ ಕಾವಲು ಬರಲು ಶುರು ಮಾಡಿತು, ತಲೆಗೆ ಎರಡು ಡೈಮಂಡ್. ಮೊದಲು ಅವರೇ ಎಲ್ಲರಿಗಿಂತ ಹೆಚ್ಚು ಲೂಟಿ ಮಾಡಿದವರು. "ಲೂಟಿ ಮಾಡಿದ್ರ ಒಂದು ಸಲ ಸಿಗ್ತದ ಅಣ್ಣಾ, ಕಾವಲು ಆದ್ರ ವಾರವಾರ ಸಿಗ್ತದ" ಅಂದ ಅವರ ಮುಂದಾಳು. ಈಗ ಎರಡು ಕಾವಲು ಗ್ಯಾಂಗ್‌ಗಳ ನಡುವೆ ದರದ ಪೈಪೋಟಿ ಇದೆ. ಆ ಕಾವಲಿನವರ ಹಿಂದೆ ನಡೆದೇ ಎಷ್ಟೋ ಹುಡುಗರು ಕಾಳಗ ಕಲಿತರು.

ಫೋನಿನವರ ವಿಷಯ ಬೇರೆಯದೇ ಕಥೆ. ನಮ್ಮ ಹೊಸಬರಲ್ಲಿ ಹತ್ತರಲ್ಲಿ ಏಳು ಜನ ಗೀಸರ್ ಮೂಲಕ ಫೋನಿನಿಂದ ಬರುತ್ತಾರೆ. ಫೋನಿನ ಬೆಡ್‌ರಾಕ್ ಆವೃತ್ತಿಯಲ್ಲಿ ಸತತ ಒತ್ತುತ್ತ ಹೊಡೆಯುವುದು ರೂಢಿ, ನಮ್ಮ ಸರ್ವರ್ ಓಡುವ ಪಿಸಿಯ ಜಾವಾ ಆವೃತ್ತಿಯಲ್ಲಿ ಪ್ರತಿ ಹೊಡೆತದ ನಡುವೆ ಕಾಯದಿದ್ದರೆ ಏಟಿಗೆ ಬಲವಿರುವುದಿಲ್ಲ. ಬೆರಳಲ್ಲಿ ಆಡುವವನು ಮೌಸ್‌ನವನ ಎದುರು ನಿಲ್ಲಲಾರ. ಫೋನಿನವರಿಗೇ ಬೇರೆ ಅಡವಿ ಮಾಡಿ ನೋಡಿದೆ, ಪಿಸಿಯವರು ಎಮ್ಯುಲೇಟರ್ (ಪಿಸಿಯನ್ನು ಫೋನಿನ ಹಾಗೆ ತೋರಿಸುವ ತಂತ್ರಾಂಶ) ಹಾಕಿಕೊಂಡು ಅಲ್ಲಿಗೇ ಬಂದು ರಾಜರಾದರು. ತೆಗೆದುಹಾಕಿದೆ. ಅದರ ಬದಲು ಊರಿನಲ್ಲಿ ಒಂದು ಗರಡಿ ಕಟ್ಟಿದೆ. ಅಲ್ಲಿ ಸತ್ತರೆ ಏನೂ ಹೋಗುವುದಿಲ್ಲ, ಹೊಡೆತದ ತಾಳ ಹಿಡಿಯುವ ತನಕ ಆಡಬಹುದು. ಶನಿವಾರ ರಾತ್ರಿ ಗರಡಿಯಲ್ಲಿ ಗೆದ್ದವನಿಗೆ ಒಂದು ಟೋಟೆಮ್ (ಒಂದು ಸಾವು ತಪ್ಪಿಸುವ ವಸ್ತು). ತಲೆಗೆ ಬಹುಮಾನ ಕಟ್ಟುವ ಬೌಂಟಿ ಪ್ಲಗಿನ್ ಕೂಡ ಹಾಕಿದ್ದೆ, ಗೆಳೆಯರೇ ಒಬ್ಬರನ್ನೊಬ್ಬರು ಕೊಂದು ಬಹುಮಾನ ಹಂಚಿಕೊಂಡರು, ಎರಡು ವಾರಕ್ಕೆ ತೆಗೆದೆ. ಜೈಲೂ ಮಾಡಿದ್ದೆ. ಜೈಲಿಗೆ ಹೋಗುವುದೇ ಹೆಮ್ಮೆ ಆಯಿತು.

ದುಡ್ಡಿನ ಮಾತು. ಹಿಂದೆ ಐವತ್ತು ರೂಪಾಯಿಗೆ ಡೈಮಂಡ್ ಕಿಟ್ ಮಾರುವ ಸರ್ವರ್‌ಗಳು ನಮ್ಮ ಕಡೆ ಬಹಳ ಇದ್ದವು, ಈಗಲೂ ಇವೆ. ಆಟದಲ್ಲಿ ಮೇಲುಗೈ ಕೊಡುವಂಥದ್ದನ್ನು ಮಾರಬಾರದು ಅಂತ ಮೈನ್‌ಕ್ರಾಫ್ಟ್‌ನವರ ಕರಾರಿನಲ್ಲೇ ಇದೆ, 2014ರಿಂದ ಅದನ್ನು ಬಿಗಿ ಮಾಡಿದ್ದಾರೆ. ಕರಾರು ಇಲ್ಲದಿದ್ದರೂ ನಾನು ಮಾರುತ್ತಿರಲಿಲ್ಲ. ದುಡ್ಡು ಕೊಟ್ಟ ಹಳಬ, ದುಡ್ಡಿಲ್ಲದ ಹೊಸಬನನ್ನು ಹೊಡೆಯುವ ಹಾಗೆ ಮಾಡಿ ಆಮೇಲೆ ಹೊಸಬರನ್ನು ಕಾಪಾಡುವ ಮಾತಾಡಲಿಕ್ಕೆ ಬಾಯಿ ಬರುವುದಿಲ್ಲ. ನಾನು ಮಾರುವುದು ಹೆಸರಿನ ಬಣ್ಣ, ಟೋಪಿ, ನಡೆದರೆ ಹಿಂದೆ ಉದುರುವ ಹೂವು. ಯುಪಿಐನಲ್ಲಿ ಇಪ್ಪತ್ತು, ಐವತ್ತು ಬರುತ್ತದೆ. ಮೊದಲ ಎರಡು ವರ್ಷ ತಿಂಗಳಿಗೆ ಇನ್ನೂರು-ಮುನ್ನೂರು ದಾಟಿದ್ದೇ ಇಲ್ಲ. ಕಾಲುವೆ ಬಂದ ಮೇಲೆ ಎರಡು ಸಾವಿರದ ಮೇಲೆಯೇ ಇದೆ, ಕಳೆದ ಮೇ ತಿಂಗಳಲ್ಲಿ ಮೂರೂವರೆ ಮುಟ್ಟಿತು. ಹೋಸ್ಟಿಂಗ್, ಬ್ಯಾಕಪ್, ದಾಳಿ ತಡೆಯುವ ಪ್ರಾಕ್ಸಿ ಸೇರಿ ಖರ್ಚು ಸಾವಿರದೈನೂರು. ಆ ಪ್ರಾಕ್ಸಿ ಇರಲೇಬೇಕು. ಬ್ಯಾನ್ ಆದ ಸಿಟ್ಟಿಗೆ ಯಾರೋ ಡಿಡಾಸ್ (ಸುಳ್ಳು ಸಂಪರ್ಕಗಳ ಮಳೆ ಸುರಿಸುವ ದಾಳಿ) ಹೊಡೆದು ಯುಗಾದಿ ಹಬ್ಬದ ಮೂರು ದಿನ ಸರ್ವರ್ ಮಲಗಿಸಿದ್ದರು. ಹೋದ ಅರವತ್ತು ಸಾವಿರ ವಾಪಸ್ ಬರಲು ಇನ್ನೂ ಕಾಲ ಬೇಕು, ಆದರೆ ಜೇಬಿನಿಂದ ಹಾಕುವುದು ನಿಂತು ವರ್ಷವಾಯಿತು. ನಮ್ಮ ಸುತ್ತಲಿನ ಸರ್ವರ್‌ಗಳಲ್ಲಿ ಹೀಗೆ ಹೇಳುವವರು ಇನ್ನೊಬ್ಬರಿಲ್ಲ.

ಹೊಡೆಯುವವರು ಬಿಟ್ಟು ಹೋಗುತ್ತಾರೆ ಅಂದಿದ್ದ ರಾಯಚೂರಿನವನ ಲೆಕ್ಕಕ್ಕೆ ಬರೋಣ. ಅಂತರದ ಲೆಕ್ಕ ತಂದ ತಿಂಗಳು ಐದಾರು ಜನ ಹೋದರು, ಅದೂ ಅವನದೇ ಸರ್ವರ್‌ಗೆ. ಅವರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ತಿರುಗಿ ಬಂದಿದ್ದಾರೆ, ಯಾಕೆಂದರೆ ಅಲ್ಲಿ ಹೊಡೆಯಲು ಜನವೇ ಇಲ್ಲ. ಎಡದಂಡೆ ದಾಟುವ ಹೊಸಬರು ವಾರವಾರ ಹುಟ್ಟುತ್ತಿರುವ ಸರ್ವರ್ ನಮ್ಮದು. ಹೋದ ತಿಂಗಳು ಅವನೇ ಫೋನ್ ಮಾಡಿ, "ಆ ಹಗಲು-ರಾತ್ರಿ ಸ್ಕ್ರಿಪ್ಟ್ ಕಳಸಪಾ" ಅಂದ. ಕಳಿಸಿದೆ. ಅವನ ನಕ್ಷೆಯಲ್ಲಿ ಕಾಲುವೆ ಬಲದಂಡೆ ಅಂತೆ.

ಮುಂದಿನ ರೀಸೆಟ್ ಪಿಯುಸಿ ಪರೀಕ್ಷೆ ಮುಗಿದ ವಾರ. ರಜೆಯ ಹೊಸಬರು ಬರುವಾಗ ನಕ್ಷೆಯೂ ಹೊಸದಿರಬೇಕು, ಎರಡು ತಿಂಗಳ ಹಳೆ ಕೋಟೆಗಳ ನೆರಳಿಗೆ ಅವರನ್ನು ಇಳಿಸಬಾರದು. ಈ ಸಲ ಎಲಿಟ್ರಾದವರು ರಾತ್ರಿ ಹೊಲದ ಮೇಲೆ ಹಾರಿ ಬಂದು ಎರಗುವುದನ್ನು ತಡೆಯಬೇಕಿದೆ. ಕಾಲುವೆಯ ಮೇಲೆ ಹಾರಿದರೆ ರೆಕ್ಕೆ ಮಡಚಿಕೊಂಡು ನೀರಿಗೆ ಬೀಳುವ ಹಾಗೆ ಬರೆದಿದ್ದೇನೆ, ಟೆಸ್ಟ್ ಸರ್ವರ್‌ನಲ್ಲಿ ಕೆಲವೊಮ್ಮೆ ಆಚೆ ದಡದ ಬಂಡೆಗೆ ಬಡಿದು ಸಾಯುತ್ತಾರೆ, ಅದು ಸರಿಯಾಗಬೇಕು. ರೀಜನ್ ಫೈಲ್ (ವಲಯಗಳ ಗೆರೆ ಇರುವುದು), ಹಗಲು-ರಾತ್ರಿ ಸ್ಕ್ರಿಪ್ಟ್, ಅದಿರಿನ ಸ್ಕ್ರಿಪ್ಟ್ ಮೂರನ್ನೂ ಯಾರು ಕೇಳಿದರೂ ಕೊಡುತ್ತೇನೆ. ಪೇಪರ್ 1.21ಕ್ಕೆ ಬರೆದದ್ದು, ಹಳೆ ವರ್ಷನ್‌ನಲ್ಲಿ ಓಡಿಸಿ ನೋಡಿಲ್ಲ.